ಕುಶಾಲನಗರದ ಹಿತ್ತಿಲಿಂದ ಕೃತ್ತಿಕೆಯ ನೀಲಿ ಧೂಳು

ಕೃತ್ತಿಕೆಯ ಫೋಟೋದಲ್ಲಿ ನಕ್ಷತ್ರಗಳ ಸುತ್ತ ನೀಲಿ ಮಸುಕು ಕಂಡರೆ ಹಿಗ್ಗುವ ಮೊದಲು ಲೆನ್ಸಿಗೆ ಟಾರ್ಚ್ ಬಿಟ್ಟು ನೋಡಿ. ಕೊಡಗಿನ ಡಿಸೆಂಬರ್ ಚಳಿಯಲ್ಲಿ ಅದು ಬರೀ ಇಬ್ಬನಿ ಇರಬಹುದು. ಪಕ್ಕದ ರೋಹಿಣಿಯದೂ ಒಂದು ಫೋಟೋ ತೆಗೆಯಿರಿ. ಅದಕ್ಕೂ ದುಂಡನೆಯ ಪ್ರಭೆ ಇದ್ದರೆ ಲೆನ್ಸ್ ಒದ್ದೆಯಾಗಿದೆ ಎಂದೇ ಲೆಕ್ಕ. ನಿಜವಾದ ನೀಹಾರಿಕೆ (ಆಕಾಶದ ಧೂಳು, ಅನಿಲದ ಮೋಡ) ದುಂಡಗಿರುವುದಿಲ್ಲ. ಕೃತ್ತಿಕೆಯದೇ ಆದ ಮೆರೋಪೆ ನಕ್ಷತ್ರದ ದಕ್ಷಿಣಕ್ಕೆ, ಬಾಚಣಿಗೆಯಲ್ಲಿ ಬಾಚಿದ ಹಾಗೆ ಎಳೆಎಳೆಯಾಗಿ ಚಾಚಿರುತ್ತದೆ.

ಆ ಎಳೆಗಳು ಧೂಳು. ಸುಮಾರು 440 ಜ್ಯೋತಿರ್ವರ್ಷ ದೂರದಲ್ಲಿ ಕೃತ್ತಿಕೆಯ ಗುಂಪು ತನಗೆ ಹುಟ್ಟಿನ ಸಂಬಂಧವಿಲ್ಲದ ಮೋಡವೊಂದನ್ನು ಹಾದುಹೋಗುತ್ತಿದೆ. ಧೂಳು ತಾನಾಗಿ ಬೆಳಗುವುದಿಲ್ಲ, ನಕ್ಷತ್ರದ ಬೆಳಕನ್ನು ಚದುರಿಸುತ್ತದೆ, ಅದರಲ್ಲೂ ನೀಲಿಯನ್ನು ಹೆಚ್ಚಾಗಿ. 1912ರಲ್ಲಿ ಖಗೋಳ ವಿಜ್ಞಾನಿ ವೆಸ್ಟೊ ಸ್ಲೈಫರ್ ಅದರ ರೋಹಿತ (ಬಣ್ಣಬಣ್ಣವಾಗಿ ಬಿಡಿಸಿದ ಬೆಳಕು) ಹಿಡಿದಾಗ ಸಿಕ್ಕಿದ್ದು ನಕ್ಷತ್ರಗಳದೇ ರೋಹಿತ.

ಫಿಲ್ಟರ್ ಇಲ್ಲಿ ಕೈಕೊಡುವುದು ಇದೇ ಕಾರಣಕ್ಕೆ. ಹೊಳೆಯುವ ಅನಿಲದ ನೀಹಾರಿಕೆ ಕೆಲವೇ ಬಣ್ಣಗಳಲ್ಲಿ ಬೆಳಗುತ್ತದೆ, ಅವನ್ನಷ್ಟೇ ಬಿಡುವ ನ್ಯಾರೋಬ್ಯಾಂಡ್ ಫಿಲ್ಟರ್ ಹಾಕಿ ಊರಿನ ಬೆಳಕನ್ನು ತಡೆಯಬಹುದು. ಧೂಳಿನ ಬೆಳಕು ಎಲ್ಲ ಬಣ್ಣಗಳಲ್ಲೂ ಹರಡಿರುವುದರಿಂದ ಆ ಫಿಲ್ಟರ್ ನೀಹಾರಿಕೆಯನ್ನೇ ನುಂಗುತ್ತದೆ. ಹಳೆಯ ಸೋಡಿಯಂ ದೀಪದ ಹಳದಿಯನ್ನಾದರೂ ಸೋಸಬಹುದಿತ್ತು. ಈಗಿನ ಬಿಳಿ ಎಲ್‌ಇಡಿಯ ನೀಲಿ ಶಿಖರ 450 ನ್ಯಾನೋಮೀಟರ್ ಆಸುಪಾಸು, ಅಂದರೆ ನಮಗೆ ಬೇಕಾದ ಬಣ್ಣದ ಮೇಲೆಯೇ ಕೂತಿದೆ. ಉಳಿದ ದಾರಿ ಎಂದರೆ ಅಮಾವಾಸ್ಯೆಯ ಆಸುಪಾಸಿನ ರಾತ್ರಿ, ಬೀದಿದೀಪಕ್ಕೆ ಗೋಡೆಯ ಮರೆ, ಪಕ್ಕದ ಕಾಫಿ ಕಣದ ಬಲ್ಬಿಗೆ ಒಂದು ವಿನಂತಿ, ಮತ್ತೆ ಗಂಟೆಗಟ್ಟಲೆ ಎಕ್ಸ್‌ಪೋಷರ್.

200 ಮಿ.ಮೀ. ಲೆನ್ಸ್, ಎಫ್/4, ಐಎಸ್ಒ 800, ಒಂದೊಂದೂ 60 ಸೆಕೆಂಡಿನ 180 ಫೋಟೋ: ಒಟ್ಟು ಮೂರು ಗಂಟೆ. ಹಿಸ್ಟೋಗ್ರಾಂನ (ಕ್ಯಾಮೆರಾ ತೋರಿಸುವ ಬೆಳಕಿನ ನಕ್ಷೆ) ಗುಡ್ಡ ಎಡದಿಂದ ಮೂರನೇ ಒಂದು ಭಾಗ ದಾಟಿದರೆ ಎಕ್ಸ್‌ಪೋಷರ್ ಇಳಿಸಿ. ನಾಯ್ಸ್ (ಫೋಟೋದ ಕಾಳುಕಾಳು) ಎದುರು ಸಂಕೇತ (ನಿಜವಾದ ಬೆಳಕು) ಇಮ್ಮಡಿಯಾಗಬೇಕಾದರೆ ಸಮಯ ನಾಲ್ಕು ಪಟ್ಟು ಬೇಕು; ಇದರಲ್ಲಿ ಚೌಕಾಸಿ ಇಲ್ಲ. ಜನವರಿ ಮೊದಲಲ್ಲಿ ಕೃತ್ತಿಕೆ ರಾತ್ರಿ ಒಂಬತ್ತೂವರೆ ಹೊತ್ತಿಗೆ 78 ಡಿಗ್ರಿ ಎತ್ತರಕ್ಕೆ, ಹೆಚ್ಚುಕಡಿಮೆ ನೆತ್ತಿಗೇ, ಬರುತ್ತದೆ. ಉತ್ತರದ ದೇಶದವರಿಗೆ ಈ ಭಾಗ್ಯವಿಲ್ಲ.

ಅವರಿಗಿರುವ ಸುಖ ನಮಗೂ ಇಲ್ಲ. ಇಲ್ಲಿನ ಅಕ್ಷಾಂಶ ಹನ್ನೆರಡೂವರೆ ಡಿಗ್ರಿ, ಆದ್ದರಿಂದ ಧ್ರುವ ನಕ್ಷತ್ರವೂ ಅಷ್ಟೇ ಎತ್ತರದಲ್ಲಿ, ಸಿಲ್ವರ್ ಓಕ್ ಸಾಲಿನ ಹಿಂದೆ. ನಕ್ಷತ್ರಗಳ ಜತೆ ಕ್ಯಾಮೆರಾ ತಿರುಗಿಸುವ ಟ್ರ್ಯಾಕರಿನ ಅಕ್ಷವನ್ನು ಧ್ರುವದತ್ತ ಗುರಿಯಿಡಲು ಅದು ಕಾಣುವುದಿಲ್ಲ. ಟ್ರ್ಯಾಕರನ್ನು ದಿಕ್ಸೂಚಿ ಹಿಡಿದು ಉತ್ತರಕ್ಕೆ ನಿಲ್ಲಿಸಿ, ಬಳಿಕ ಡ್ರಿಫ್ಟ್ ವಿಧಾನದಲ್ಲಿ, ಅಂದರೆ ನಕ್ಷತ್ರ ಜಾರುವುದನ್ನು ನೋಡಿ, ತಿದ್ದಿ. ದಕ್ಷಿಣದ ಆಕಾಶದಲ್ಲಿ, ಉತ್ತರ-ದಕ್ಷಿಣ ಗೆರೆಯ ಮೇಲೆ, ಖಗೋಳ ಸಮಭಾಜಕದ (ಭೂಮಧ್ಯರೇಖೆಯ ನೇರ ಮೇಲಿನ ಆಕಾಶದ ಗೆರೆ) ಹತ್ತಿರದ ನಕ್ಷತ್ರವೊಂದನ್ನು ಹಿಡಿಯಿರಿ. ಅದು ದಕ್ಷಿಣಕ್ಕೆ ಜಾರಿದರೆ ಟ್ರ್ಯಾಕರಿನ ಅಕ್ಷ ಪೂರ್ವಕ್ಕೆ ತಿರುಗಿದೆ, ಉತ್ತರಕ್ಕೆ ಜಾರಿದರೆ ಪಶ್ಚಿಮಕ್ಕೆ. ಆಮೇಲೆ ಪೂರ್ವದಲ್ಲಿ ತಗ್ಗಿನಲ್ಲಿರುವ ನಕ್ಷತ್ರ: ದಕ್ಷಿಣಕ್ಕೆ ಜಾರಿದರೆ ಅಕ್ಷ ತಗ್ಗಿದೆ, ಉತ್ತರಕ್ಕಾದರೆ ಏರಿದೆ. ಅರ್ಧ ಗಂಟೆಯ ಕೆಲಸ, ಬೇಸರದ್ದೇ.

ಲೆನ್ಸಿನ ಮುಂಭಾಗಕ್ಕೆ ಪವರ್ ಬ್ಯಾಂಕಿನಿಂದ ನಡೆಯುವ ಡ್ಯೂ ಹೀಟರ್ ಪಟ್ಟಿ ಸುತ್ತಿ. ಇಬ್ಬನಿ ಬಿದ್ದ ಮೇಲಲ್ಲ, ಶುರುವಿನಿಂದಲೇ. ಫೋಕಸನ್ನು ಬಹ್ಟಿನೋವ್ ಮುಖವಾಡ (ಫೋಕಸ್ ಸರಿಯೇ ಎಂದು ತೋರಿಸುವ ಸೀಳುಗಳ ತಟ್ಟೆ) ಹಾಕಿ ರೋಹಿಣಿಯ ಮೇಲೆ ಮಾಡಿ, ಚಳಿ ಏರಿದಂತೆ ಗಂಟೆಗೊಮ್ಮೆ ಮತ್ತೆ ನೋಡಿ. ಮುಗಿದ ಮೇಲೆ ಫೋಕಸ್ ಕದಲಿಸದೆ, ಲೆನ್ಸಿಗೆ ಬಿಳಿ ಬಟ್ಟೆ ಬಿಗಿದು ಸಮನಾದ ಬೆಳಕಿನಲ್ಲಿ ಮೂವತ್ತು ಫ್ಲಾಟ್ (ಅಂಚಿನ ಮಬ್ಬು ತಿದ್ದುವ ಫೋಟೋ), ಮುಚ್ಚಳ ಹಾಕಿ ಅದೇ 60 ಸೆಕೆಂಡಿನ ಇಪ್ಪತ್ತು ಡಾರ್ಕ್ (ಸೆನ್ಸರಿನ ನಾಯ್ಸ್ ಕಳೆಯುವ ಫೋಟೋ) ತೆಗೆಯಿರಿ.

ಸಿರಿಲ್ ತಂತ್ರಾಂಶದಲ್ಲಿ ಫೋಟೋಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿದಾಗ ಪಟ್ಟಣದ ಬೆಳಕು ಒಂದು ಮೂಲೆಯಿಂದ ಏರಿ ಬಂದಿರುತ್ತದೆ. ಅದನ್ನು ಕಳೆಯುವಾಗ ಹಿನ್ನೆಲೆಯ ಬೆಳಕು ಅಳೆಯುವ ಮಾದರಿ ಚುಕ್ಕಿಗಳನ್ನು ತಂತ್ರಾಂಶದ ಪಾಡಿಗೆ ಬಿಟ್ಟರೆ ಕೆಲವು ಧೂಳಿನ ಮೇಲೆಯೇ ಬೀಳುತ್ತವೆ, ಆಗ ಗಂಟೆಗಟ್ಟಲೆ ಕೂಡಿಸಿದ ನೀಲಿಯೂ ಊರಿನ ಬೆಳಕಿನ ಜತೆ ಅಳಿಸಿಹೋಗುತ್ತದೆ. ನಕ್ಷತ್ರಗುಂಪಿನ ಸುತ್ತ ಎರಡು ಡಿಗ್ರಿಯೊಳಗಿನ ಚುಕ್ಕಿಗಳನ್ನು ಕೈಯಾರೆ ತೆಗೆದುಹಾಕಿ.