ಕರಗುವುದು ಬೇರೆ, ವಿಘಟನೆ ಬೇರೆ
‘ಸುಣ್ಣದ ಕಲ್ಲು 900 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಗಿ ಸುಣ್ಣವಾಗುತ್ತದೆ’ ಎಂಬ ವಾಕ್ಯವನ್ನು ಮೊನ್ನೆ ಮತ್ತೊಮ್ಮೆ ಓದಬೇಕಾಯಿತು. ಆ ಕಾವಿಗೆ ಕಲ್ಲಿನಿಂದ ಒಂದು ಹನಿಯೂ ಒಸರುವುದಿಲ್ಲ. ಕಾರ್ಬನ್ ಡೈ ಆಕ್ಸೈಡ್ ಹೊರಟುಹೋಗಿ, 100 ಗ್ರಾಂ ಶುದ್ಧ ಸುಣ್ಣದ ಕಲ್ಲು ಇದ್ದ ಜಾಗದಲ್ಲಿ 56 ಗ್ರಾಂ ಸುಟ್ಟ ಸುಣ್ಣ, ಬಹುಮಟ್ಟಿಗೆ ಅದೇ ಆಕಾರದಲ್ಲಿ, ಉಳಿದಿರುತ್ತದೆ. ಇದು ವಿಘಟನೆ, ಪಠ್ಯಪುಸ್ತಕಗಳ ಮಾತಿನಲ್ಲಿ ಉಷ್ಣ ವಿಭಜನೆ.

ತಪ್ಪಿನ ಬೇರು ‘ಕರಗು’ ಎಂಬ ನಮ್ಮ ಉದಾರ ಕ್ರಿಯಾಪದದಲ್ಲಿದೆ. ಮಂಜುಗಡ್ಡೆ ಬಿಸಿಲಿಗೆ ಕರಗುತ್ತದೆ, ಉಪ್ಪು ನೀರಿನಲ್ಲಿ ಕರಗುತ್ತದೆ, ಕೂಡಿಟ್ಟ ಗಂಟು ಕರಗುತ್ತದೆ, ಕೊನೆಗೆ ಮನಸ್ಸೂ ಕರಗುತ್ತದೆ. ಇದ್ದದ್ದು ಗಟ್ಟಿತನವನ್ನೋ ಗಾತ್ರವನ್ನೋ ಕಳೆದುಕೊಂಡರೆ ಸಾಕು, ಈ ಪದ ಒದಗಿಬರುತ್ತದೆ. ಶಾಸ್ತ್ರಕ್ಕೆ ಅಷ್ಟು ಔದಾರ್ಯ ಸಲ್ಲದು: ಉಪ್ಪು ನೀರಿನಲ್ಲಿ ಬೆರೆತುಹೋಗುವುದು ವಿಲೀನ, ಅದೇ ಉಪ್ಪು 801 ಡಿಗ್ರಿಯಲ್ಲಿ ತಾನಾಗಿಯೇ ನೀರಾಗುವುದು ದ್ರವನ. ‘ದ್ರವ’ದ ಹಿಂದಿರುವುದು ಓಡು, ಹರಿ ಎಂಬ ಅರ್ಥದ ‘ದ್ರು’ ಧಾತು. ‘ವಿಘಟನೆ’ಯಾದರೋ ‘ಸಂಘಟನೆ’ಯ ದಾಯಾದಿ, ಒಂದರಲ್ಲಿ ಕೂಡಿಸುವುದಿದೆ, ಇನ್ನೊಂದರಲ್ಲಿ ಕೂಡಿದ್ದನ್ನು ಬಿಡಿಸುವುದಿದೆ. ಹರಿಯುವುದಕ್ಕೂ ಬಿಡಿಯಾಗುವುದಕ್ಕೂ ಇರುವ ಅಂತರವನ್ನು ಪದಗಳೇ ಹೇಳುತ್ತಿರುವಾಗ ನಾವು ಕೇಳಿಸಿಕೊಳ್ಳದಿರುವುದು ವಿಚಿತ್ರ.

ಹರಿದದ್ದೆಲ್ಲ ಬರಿಯ ದ್ರವನವೆಂದೂ ತಿಳಿಯಬಾರದು. 232 ಡಿಗ್ರಿಯಲ್ಲಿ ಕರಗಿದ ತವರ ತಣಿದರೆ ಮತ್ತೆ ತವರವೇ. ಕಾಯಿಸುವ ವೇಗ ಹೆಚ್ಚಿದರೂ ತಗ್ಗಿದರೂ ಆ ಅಂಕಿ ಕದಲುವುದಿಲ್ಲ. ಒಣ ಬಾಣಲೆಯಲ್ಲಿ ಕಾಯಿಸಿದ ಸಕ್ಕರೆಯನ್ನು ನೋಡಿ: ಅಂಚಿನಲ್ಲಿ ಮೊದಲು ಹಳದಿ ಪಾಕ ಜಿನುಗುತ್ತದೆ, ಅದು ಕಂದಾಗುತ್ತದೆ, ಘಾಟು ಏಳುತ್ತದೆ, ತಣಿಸಿದಾಗ ಸಿಗುವುದು ಹಳೆಯ ಹರಳಲ್ಲ, ಕಂದು ಗಾಜಿನಂಥ ಬಿಲ್ಲೆ. ಅದರ ದ್ರವನಬಿಂದುವೆಂದು 186 ಡಿಗ್ರಿಯನ್ನು ಅನೇಕರು ನಿಸ್ಸಂಕೋಚವಾಗಿ ಬರೆಯುತ್ತಾರಾದರೂ, ನಿಧಾನವಾಗಿ ಕಾಯಿಸಿದರೆ ಅದಕ್ಕಿಂತ ಎಷ್ಟೋ ಕೆಳಗೇ ಸಕ್ಕರೆ ಒಡೆಯತೊಡಗಿ, ಒಡೆದ ಚೂರುಗಳ ಜೊತೆ ಸೇರಿ ನೀರಾಗುತ್ತದೆ. ಇಲ್ಲಿ ಎರಡೂ ಕ್ರಿಯೆಗಳು ಹೆಣೆದುಕೊಂಡಿರುವುದರಿಂದ ‘ವಿಘಟನೆಯೊಡನೆ ಕರಗುತ್ತದೆ’ ಎಂದು ಬರೆಯುವುದೇ ಪ್ರಾಮಾಣಿಕತೆ.

ಮರ, ಬೇಕಲೈಟ್ ಎಂಬ ಗಡಸು ಪ್ಲಾಸ್ಟಿಕ್ ಇವುಗಳ ವಿಷಯದಲ್ಲಿ ಈ ಗೊಂದಲವೂ ಇಲ್ಲ. ಅವು ಕರಗುವ ಮೊದಲೇ ಕರಕಾಗುತ್ತವೆ.

ಸುಣ್ಣದ ಕಲ್ಲನ್ನು ನಿಜವಾಗಿಯೂ ಕರಗಿಸಲು ಸಾಧ್ಯವಿದೆ, ಆದರೆ ಅನಿಲ ತಪ್ಪಿಸಿಕೊಳ್ಳದಂತೆ ಭಾರೀ ಒತ್ತಡದಲ್ಲಿ ಬಂಧಿಸಿ 1,300 ಡಿಗ್ರಿಗೂ ಮೇಲಕ್ಕೆ ಕಾಯಿಸಬೇಕು. ಹಾಗೆ ಕರಗಿದ್ದನ್ನು ಅದೇ ಒತ್ತಡದಲ್ಲಿ ತಣಿಸಿದರೆ ಸುಣ್ಣ ಸಿಗುವುದಿಲ್ಲ, ಕ್ಯಾಲ್ಸಿಯಂ ಕಾರ್ಬೊನೇಟೇ ಮರಳಿ ಗಟ್ಟಿಯಾಗುತ್ತದೆ.