ಎರೆ ಹೊಲದ ಸತು, ತಾಟಿನ ರೊಟ್ಟಿ

ವಿಜಯಪುರ ಜಿಲ್ಲೆಯ ಇಂಡಿ ಕಡೆಯ ಲಿಂಬೆ ತೋಟದಲ್ಲಿ ಹೊಸ ಚಿಗುರನ್ನು ಹತ್ತಿರದಿಂದ ನೋಡಿ. ಕೆಲವು ಗಿಡಗಳಲ್ಲಿ ಎಲೆಯ ನರಗಳು ಹಸಿರಾಗಿಯೇ ಇದ್ದು, ನರಗಳ ನಡುವಿನ ಜಾಗ ಹಳದಿಗಟ್ಟಿರುತ್ತದೆ. ಎಲೆ ಸಣ್ಣದು, ಮೊನಚು. ಗಿಣ್ಣುಗಳ ನಡುವೆ ಅಂತರವಿಲ್ಲದೆ ಎಲೆಗಳೆಲ್ಲ ತುದಿಯಲ್ಲಿ ಗುಂಪುಗೂಡಿರುತ್ತವೆ. ಪಕ್ಕದ ಹೊಲದ ಗೋವಿನಜೋಳದಲ್ಲಿ ಇದೇ ಕೊರತೆ ಬೇರೆ ರೂಪದಲ್ಲಿ ಕಾಣುತ್ತದೆ: ಎಳೆ ಎಲೆಯ ಬುಡದಲ್ಲಿ, ನಡುನರದ ಎರಡೂ ಬದಿಗೆ, ಅಗಲವಾದ ಬಿಳಿ ಪಟ್ಟಿ. ಎರಡಕ್ಕೂ ಕಾರಣ ಒಂದೇ. ಗಿಡಕ್ಕೆ ಸತು ಸಿಕ್ಕಿಲ್ಲ. ಗೊಬ್ಬರದ ಅಂಗಡಿಯಲ್ಲಿ ಇದನ್ನೇ ಜಿಂಕ್ ಎನ್ನುತ್ತಾರೆ.

ಲಿಂಬೆ ತನ್ನ ಕಷ್ಟವನ್ನು ಎಲೆಯಲ್ಲಿ ತೋರಿಸಿಬಿಡುತ್ತದೆ. ಬಿಳಿಜೋಳ ಹಾಗಲ್ಲ. ಕೊರತೆ ತೀರಾ ಹೆಚ್ಚಾಗದ ಹೊರತು ಪೈರು ಹಸಿರಾಗಿಯೇ ಬೆಳೆದು ತೆನೆ ಕಟ್ಟುತ್ತದೆ, ಕಾಳಿನಲ್ಲಿ ಸತು ಕಡಿಮೆ ಇರುತ್ತದೆ ಅಷ್ಟೆ. ರಾಶಿ ಮಾಡುವಾಗ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಎರಡು ಹೊತ್ತೂ ರೊಟ್ಟಿ ಉಣ್ಣುವ ವಿಜಯಪುರ, ಬಾಗಲಕೋಟೆಯಂಥ ಜಿಲ್ಲೆಗಳಲ್ಲಿ ಹೊಲದ ಈ ಕೊರತೆ ನೇರವಾಗಿ ತಾಟಿಗೆ ಬರುತ್ತದೆ.

ದೊಡ್ಡವರ ಮೈಯಲ್ಲಿರುವ ಒಟ್ಟು ಸತು ಸುಮಾರು 2 ಗ್ರಾಂ. ಅಷ್ಟರಲ್ಲೇ 300ಕ್ಕೂ ಹೆಚ್ಚು ಕಿಣ್ವಗಳು ನಡೆಯಬೇಕು, ಜೀವಕೋಶಗಳು ಒಡೆದು ಬೆಳೆಯಬೇಕು, ಗಾಯ ಮಾಯಬೇಕು, ರೋಗದ ವಿರುದ್ಧ ಮೈ ಕಾದಾಡಬೇಕು. ಕಬ್ಬಿಣವನ್ನು ಯಕೃತ್ತು ಕೂಡಿಟ್ಟುಕೊಳ್ಳುತ್ತದೆ. ಸತುವಿಗೆ ಅಂಥ ಹಗೇವು ಮೈಯಲ್ಲಿಲ್ಲ, ಅಂದಂದಿನದು ಅಂದಂದೇ ಬರಬೇಕು. ಬರದಿದ್ದರೆ ಮಕ್ಕಳ ಎತ್ತರ ಕುಂಠಿತವಾಗುತ್ತದೆ, ಭೇದಿ ಪದೇಪದೇ ಕಾಡುತ್ತದೆ, ಗಾಯ ಬೇಗ ಒಣಗುವುದಿಲ್ಲ, ಬಾಯಿರುಚಿ ಕೆಡುತ್ತದೆ. ಈ ಲಕ್ಷಣಗಳಿಗೆ ಬೇರೆ ಕಾರಣಗಳೂ ಇರುತ್ತವೆ. ಅದಕ್ಕೇ ಸತುವಿನ ಹೆಸರು ಕೊನೆಗೂ ಯಾರಿಗೂ ನೆನಪಾಗುವುದಿಲ್ಲ.

ವೈದ್ಯರಿಗೂ ಇದು ಗೊತ್ತಾಗಿದ್ದು ತಡವಾಗಿಯೇ. ಬಿಹಾರದ ಬಕ್ಸರ್‌ನಲ್ಲಿ ಹುಟ್ಟಿದ ವೈದ್ಯ ಆನಂದ ಪ್ರಸಾದ್ 1958ರಲ್ಲಿ ಇರಾನಿನ ಶಿರಾಜ್‌ನಲ್ಲಿ ಒಬ್ಬ ರೋಗಿಯನ್ನು ಕಂಡರು. ವಯಸ್ಸು 21, ನೋಡಲು 10 ವರ್ಷದ ಹುಡುಗ. ತೀವ್ರ ರಕ್ತಹೀನತೆ ಬೇರೆ. ಊಟವೆಂದರೆ ಹುದುಗಿಸದ ಗೋಧಿ ರೊಟ್ಟಿ, ಜೊತೆಗೆ ದಿನವೂ ಮಣ್ಣು ತಿನ್ನುವ ಚಟ. ಕಬ್ಬಿಣದ ಕೊರತೆಯೊಂದರಿಂದಲೇ ಬೆಳವಣಿಗೆ ಹೀಗೆ ನಿಲ್ಲದು ಎಂದುಕೊಂಡ ಪ್ರಸಾದ್ ಸತುವಿನ ಮೇಲೆ ಅನುಮಾನಪಟ್ಟರು. ಮುಂದೆ ಈಜಿಪ್ಟಿನಲ್ಲಿ ಅಂಥದೇ ಯುವಕರ ಮೇಲೆ ನಡೆಸಿದ ಅಧ್ಯಯನ 1963ರಲ್ಲಿ ಅದನ್ನು ಖಚಿತಪಡಿಸಿತು. ಸತು ಕೊಟ್ಟಾಗ ಆ ಯುವಕರು ಒಂದೇ ವರ್ಷದಲ್ಲಿ 5–6 ಇಂಚು ಬೆಳೆದರು. ಸುಣ್ಣ ತುಂಬಿದ ನೆಲ, ಕಾಳಿನದೇ ಊಟ, ಹುದುಗು ಬರಿಸದ ರೊಟ್ಟಿ. ಶಿರಾಜ್ ನಮ್ಮಿಂದ ದೂರವಿದ್ದರೂ ಈ ಮೂರೂ ನಮಗೆ ಹೊಸವಲ್ಲ.

ನಮ್ಮ ಎರೆ ಭೂಮಿಯಲ್ಲಿ, ಅಂದರೆ ಕಪ್ಪು ಮಣ್ಣಿನಲ್ಲಿ, ಸತು ಇಲ್ಲವೇ ಎಂದರೆ, ಬೇಕಾದಷ್ಟಿದೆ. ಒಂದು ಎಕರೆಯ ಮೇಲಿನ 15 ಸೆಂ.ಮೀ. ಮಣ್ಣಿನ ತೂಕ ಸುಮಾರು 9 ಲಕ್ಷ ಕಿಲೋ. ಅದರಲ್ಲಿ ಒಟ್ಟು ಸತು ಹತ್ತಾರು ಕಿಲೋ ಇರುತ್ತದೆ. 10 ಕ್ವಿಂಟಲ್ ಜೋಳದ ಕಾಳು ಹೊತ್ತೊಯ್ಯುವುದು ಬರೀ 20 ಗ್ರಾಂ. ಆದರೂ ಸಿಗುವುದಿಲ್ಲ ಏಕೆ? ಎರೆ ಮಣ್ಣಿನ ರಸಸಾರ (ಪಿಎಚ್) ಸಾಮಾನ್ಯವಾಗಿ 8ರ ಮೇಲೆಯೇ ಇರುತ್ತದೆ. ರಸಸಾರ ಒಂದು ಅಂಕ ಏರಿದರೆ ಮಣ್ಣಿನ ನೀರಿನಲ್ಲಿ ಕರಗಿರಬಲ್ಲ ಸತು ನೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಉಳಿದದ್ದು ಜೇಡಿ ಕಣಕ್ಕೆ, ಸುಣ್ಣದ ಹರಳಿಗೆ ಅಂಟಿ ಕೂಡುತ್ತದೆ. ಬೇರು ಕುಡಿಯುವುದು ಕರಗಿದ್ದನ್ನು ಮಾತ್ರ.

ಸುಣ್ಣ ಎಷ್ಟಿದೆಯೆಂದು ತಿಳಿಯಲು ಒಂದು ಲಿಂಬೆಹಣ್ಣು ಸಾಕು. ಹೊಲದಲ್ಲಿ ಸಿಗುವ ಬಿಳಿ ಹರಳನ್ನು ಪುಡಿಮಾಡಿ ನಾಲ್ಕು ಹನಿ ರಸ ಹಿಂಡಿ, ಕಿವಿ ಹತ್ತಿರ ತನ್ನಿ. ಚುರುಚುರು ಸದ್ದು, ಸಣ್ಣ ಗುಳ್ಳೆ. ಬರೀ ಮಣ್ಣಿನ ಮೇಲೆ ಹಿಂಡಿದಾಗಲೂ ಗುಳ್ಳೆ ಎದ್ದರೆ ಆ ಹೊಲದಲ್ಲಿ ಸತುವಿಗೆ ಕಷ್ಟ ಖಾತ್ರಿ. ನೀರಾವರಿ ಬಂತೆಂದು ಹೊಲ ಮಟ್ಟ ಮಾಡಿಸಿದಲ್ಲಿ ಇದನ್ನು ಮಾಡಿ ನೋಡಬೇಕು. ಏರು ಕಡೆಯ ಮೇಲ್ಮಣ್ಣನ್ನು ಕೆರೆದು ತಗ್ಗಿಗೆ ತಳ್ಳಿದ ಮೇಲೆ ಅಡಿಯ ಸುಣ್ಣಗಲ್ಲಿನ ಪದರ ಹೊರಬೀಳುತ್ತದೆ. ಮೊದಲ ವರ್ಷ ಗೋವಿನಜೋಳವೋ ಕಬ್ಬೋ ಹಾಕಿದರೆ ಸರಿಯಾಗಿ ಅದೇ ಜಾಗದಲ್ಲಿ ಪೈರು ಬಿಳಿಚಿಕೊಂಡು ಮಂಡಿ ಎತ್ತರಕ್ಕೇ ನಿಲ್ಲುತ್ತದೆ. ಗಿಡಕ್ಕೆ ಸಿಗುವ ಸತು ಇರುವುದು ಸಾವಯವ ಅಂಶವಿರುವ ಆ ಮೇಲಿನ ಗೇಣು ಮಣ್ಣಿನಲ್ಲೇ. ಮೇಲ್ಮಣ್ಣನ್ನು ಒಂದು ಕಡೆ ಗುಡ್ಡೆ ಹಾಕಿಟ್ಟು, ಮಟ್ಟವಾದ ಮೇಲೆ ಮತ್ತೆ ಹರಡಿಸಿದರೆ ಯಂತ್ರದ ಬಾಡಿಗೆ ಏರುತ್ತದೆ ನಿಜ. ಹಾಗೆ ಮಾಡದೆ ಕಳೆದುಕೊಂಡ ಮಣ್ಣು ನಮ್ಮ ಜೀವಮಾನದಲ್ಲಿ ತಿರುಗಿ ಆಗುವುದಿಲ್ಲ.

ಹಿಂಗಾರಿ ಜೋಳಕ್ಕೆ ಇನ್ನೊಂದು ತೊಡಕಿದೆ. ಡೋಣಿ ಬೆಳೆದರೆ ಓಣಿಗೆಲ್ಲ ಕಾಳು ಎಂದು ಹೆಸರಾದ ಡೋಣಿ ನದಿ ಸಾಲಿನ ಎರೆಯಲ್ಲಿ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಬಿತ್ತಿದ ಜೋಳ ಆಮೇಲೆ ಮಳೆ ಕಾಣದೆ ಆಳದ ಹಸಿಯ ಮೇಲೆಯೇ ಬೆಳೆಯುತ್ತದೆ. ಡಿಸೆಂಬರಿಗೆ ಮೇಲಿನ ಮಣ್ಣು ಒಣಗಿ ಬಿರಿಯುತ್ತದೆ. ಸತು ಇರುವುದು ಒಣಗಿದ ಮೇಲ್ಪದರದಲ್ಲಿ, ನೀರು ಇರುವುದು ಕೆಳಗೆ. ಮಣ್ಣಿನಲ್ಲಿ ಸತು ಬೇರಿನತ್ತ ಸರಿಯಲು ತೇವ ಬೇಕೇಬೇಕು. ಹೀಗಾಗಿ ತೆನೆ ಕಾಳು ಕಟ್ಟುವ ಹೊತ್ತಿಗೇ ಸತುವಿನ ದಾರಿ ಮುಚ್ಚಿಹೋಗುತ್ತದೆ. ಮಳೆಗಾಲದಲ್ಲಿ ಚೌಕು ಮಡಿ ಕಟ್ಟಿ ನೀರಿಂಗಿಸುವುದರಿಂದ ಇಳುವರಿಯ ಜೊತೆ ಈ ಲಾಭವೂ ಇದೆ.

ಮೊದಲು ಆಗಬೇಕಾದ್ದು ಮಣ್ಣಿನ ಪರೀಕ್ಷೆ. ಇಲ್ಲಿ ಬಹಳ ಜನ ಒಂದು ತಪ್ಪು ಮಾಡುತ್ತಾರೆ: ಮನೆಯ ತಗಡಿನ ಬಕೆಟ್ಟಿನಲ್ಲಿ ಮಣ್ಣು ಕೂಡಿಸುತ್ತಾರೆ. ತುಕ್ಕು ಹಿಡಿಯದಿರಲೆಂದು ಆ ತಗಡಿನ ಮೇಲೆ ಬಳಿದಿರುವುದೇ ಸತು. ಬಕೆಟ್ಟಿನ ಸತು ಮಣ್ಣಿಗೆ ಸೇರಿ, ಕೊರತೆ ಇರುವ ಹೊಲವೂ ವರದಿಯಲ್ಲಿ ಸಮೃದ್ಧವಾಗುತ್ತದೆ. ಪ್ಲಾಸ್ಟಿಕ್ ಬಕೆಟ್ಟನ್ನೇ ಬಳಸಿ. ಒಡ್ಡು, ಮರದ ನೆರಳು, ತಿಪ್ಪೆ ಇದ್ದ ಜಾಗ ಬಿಟ್ಟು, ಹೊಲದಲ್ಲಿ ಅಂಕುಡೊಂಕಾಗಿ ನಡೆದು 15–20 ಕಡೆ 15 ಸೆಂ.ಮೀ. ಆಳದ ಇಳಿಜಾರು ಗುಣಿ ತೆಗೆಯಿರಿ. ಗುಣಿಯ ಗೋಡೆಯಿಂದ ಮೇಲಿಂದ ಕೆಳಗಿನವರೆಗೆ ಒಂದೇ ದಪ್ಪದ ಪದರವನ್ನು ಕಟ್ಟಿಗೆಯ ಚಕ್ಕೆಯಿಂದ ಕೆರೆದುಕೊಳ್ಳಿ. ಎಲ್ಲ ಕಲಸಿ, ವೃತ್ತವಾಗಿ ಹರಡಿ, ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡು ಭಾಗ ತೆಗೆದುಹಾಕುತ್ತ ಅರ್ಧ ಕಿಲೋಗೆ ಇಳಿಸಿ, ನೆರಳಲ್ಲಿ ಒಣಗಿಸಿ ಕೊಡಿ. ಪ್ರಯೋಗಾಲಯಕ್ಕೆ ಸತುವಿನಂಥ ಲಘು ಪೋಷಕಾಂಶಗಳ ಪರೀಕ್ಷೆಯೂ ಬೇಕೆಂದು ಬಾಯಿಬಿಟ್ಟು ಹೇಳಬೇಕು, ಇಲ್ಲವಾದರೆ ಸಾರಜನಕ, ರಂಜಕ, ಪೊಟ್ಯಾಷ್ ಮಾತ್ರ ನೋಡಿ ಕಳಿಸುವುದುಂಟು. ವರದಿಯಲ್ಲಿ ಸತು ಕಿಲೋಗೆ 0.6 ಮಿ.ಗ್ರಾಂಗಿಂತ ಕಡಿಮೆ ಇದ್ದರೆ ಕೊರತೆ ಎಂದು ತಿಳಿಯಬೇಕು.

ಕೊರತೆ ಇದ್ದಲ್ಲಿ ಎಕರೆಗೆ 10 ಕಿಲೋ ಸತುವಿನ ಸಲ್ಫೇಟ್ ರೂಢಿಯ ಪ್ರಮಾಣ. ಇದು ಶೇ. 21 ಸತು ಇರುವ ಹರಳಿನ ಲೆಕ್ಕ, ಶೇ. 33ರ ಪುಡಿಯಾದರೆ ಆರೂವರೆ ಕಿಲೋ ಸಾಕು. ವರ್ಷವರ್ಷವೂ ಬೇಕಿಲ್ಲ, ಒಮ್ಮೆ ಹಾಕಿದ್ದು ಎರಡು ಮೂರು ಬೆಳೆಗೆ ಬರುತ್ತದೆ. ಬಿತ್ತುವ 15 ದಿನ ಮೊದಲೇ ಹತ್ತುಪಟ್ಟು ತಿಪ್ಪೆ ಗೊಬ್ಬರದಲ್ಲಿ ಕಲಸಿ, ನೀರು ಚಿಮುಕಿಸಿ, ನೆರಳಲ್ಲಿ ಗುಡ್ಡೆ ಹಾಕಿದರೆ ಸಾವಯವ ಆಮ್ಲಗಳು ಸತುವನ್ನು ಹಿಡಿದಿಟ್ಟುಕೊಂಡು ಸುಣ್ಣಕ್ಕೆ ಸಿಗದಂತೆ ಕಾಯುತ್ತವೆ.

ರಂಜಕದ ಗೊಬ್ಬರವಾದ ಡಿಎಪಿ ಜೊತೆ ಮಾತ್ರ ಬೆರೆಸಬೇಡಿ. ಏಕೆಂದು ಎರಡು ಗಾಜಿನ ಲೋಟಗಳಲ್ಲಿ ನೋಡಬಹುದು. ಒಂದರಲ್ಲಿ ಒಂದು ಚಮಚ ಡಿಎಪಿ ಕರಗಿಸಿ ಬಟ್ಟೆಯಲ್ಲಿ ಸೋಸಿ, ಇನ್ನೊಂದರಲ್ಲಿ ಒಂದು ಚಮಚ ಸತುವಿನ ಸಲ್ಫೇಟ್. ಎರಡನೆಯದನ್ನು ಮೊದಲನೆಯದಕ್ಕೆ ಸುರಿಯುತ್ತಿದ್ದಂತೆ ಹಾಲು ಒಡೆದ ಹಾಗೆ ದಪ್ಪ ಬಿಳಿ ಗಷ್ಟು ಎದ್ದು ತಳಕ್ಕೆ ಇಳಿಯುತ್ತದೆ. ಸತು ರಂಜಕದ ಜೊತೆ ಕೂಡಿ ಕರಗದ ವಸ್ತುವಾಯಿತು. ಒಂದೇ ಕೂರಿಗೆ ಸಾಲಿನಲ್ಲಿ ಎರಡನ್ನೂ ಬಿಟ್ಟರೆ ಬೇರಿನ ಪಕ್ಕದಲ್ಲೇ ಇದು ನಡೆಯುತ್ತದೆ. ಈ ಪ್ರಯೋಗಕ್ಕೆ ಇನ್ನೊಂದು ಉಪಯೋಗವೂ ಇದೆ. ಸತುವಿನ ಸಲ್ಫೇಟಿಗೆ ನೋಡಲು ಹಾಗೆಯೇ ಇರುವ ಅಗ್ಗದ ಮೆಗ್ನೀಸಿಯಂ ಸಲ್ಫೇಟನ್ನು ಬೆರೆಸಿ ಮಾರುವ ಮೋಸವಿದೆ. ಬರೀ ಮೆಗ್ನೀಸಿಯಂ ಆದರೆ ಅಂಥ ದಪ್ಪ ಗಷ್ಟು ಕಟ್ಟುವುದಿಲ್ಲ. ಅನುಮಾನ ಬಂದ ಚೀಲವನ್ನು ರಸೀದಿ ಸಮೇತ ರೈತ ಸಂಪರ್ಕ ಕೇಂದ್ರಕ್ಕೆ ಒಯ್ಯಿರಿ.

ಕಬ್ಬಿನ ಪಟ್ಟಿಯಲ್ಲಿ, ಮುಧೋಳ–ಜಮಖಂಡಿಯಿಂದ ರಾಯಬಾಗ–ಅಥಣಿಯವರೆಗೆ, ವರ್ಷಾನುಗಟ್ಟಲೆ ಡಿಎಪಿ ಸುರಿದ ಹೊಲಗಳಲ್ಲಿ ರಂಜಕದ ಇನ್ನೊಂದು ಕೆಡುಕನ್ನೂ ಗಮನಿಸಬೇಕು. ಬೇರಿಗೆ ಹೊಂದಿಕೊಂಡು ಬಾಳುವ ಶಿಲೀಂಧ್ರವೊಂದು ಬೇರು ತಲುಪದ ಸಂದುಗೊಂದುಗಳಿಂದ ಸತು ತಂದುಕೊಡುತ್ತದೆ. ರಂಜಕ ವಿಪರೀತವಾದಲ್ಲಿ ಅದು ಬೆಳೆಯುವುದಿಲ್ಲ.

ಇಳುವರಿಗೆ ಮಣ್ಣಿಗೆ ಹಾಕಿದ ಸತು ಸಾಕು. ಕಾಳಿನಲ್ಲಿ ಸತು ಏರಬೇಕೆಂದರೆ ಎಲೆಗೆ ಸಿಂಪಡಿಸುವುದು ಹೆಚ್ಚು ಫಲಕಾರಿ, ಅದೂ ಹೂವಾಡುವಾಗ ಒಮ್ಮೆ, ಹಾಲುಗಾಳಿನಲ್ಲಿ ಇನ್ನೊಮ್ಮೆ. 15 ಲೀಟರ್ ಪಂಪಿಗೆ 75 ಗ್ರಾಂ ಹರಳು, ಅದರ ಅರ್ಧದಷ್ಟು ಸುಣ್ಣ. ಎರಡನ್ನೂ ಬೇರೆಬೇರೆ ನೀರಿನಲ್ಲಿ ಕರಗಿಸಿ, ಕೂಡಿಸಿ, ಸೋಸಿಯೇ ಪಂಪಿಗೆ ಹಾಕಬೇಕು. ಸುಣ್ಣ ಬಿಟ್ಟರೆ ಎಲೆಯಂಚು ಸುಡುತ್ತದೆ, ಸೋಸದಿದ್ದರೆ ನಾಝಲ್ ಕಟ್ಟುತ್ತದೆ. ಇಳಿಹೊತ್ತಿನಲ್ಲಿ ಹೊಡೆದರೆ ದ್ರಾವಣ ಬೇಗ ಆರದೆ ಎಲೆಗೆ ಇಳಿಯುತ್ತದೆ. ಆಳೆತ್ತರದ ಮಾಲದಂಡಿ ತಳಿಯ ಜೋಳದಲ್ಲಿ ಬೆನ್ನಿಗೆ ಪಂಪು ಕಟ್ಟಿ ಓಡಾಡುವುದು ಕಷ್ಟದ ಕೆಲಸವೇ. ಇಡೀ ಹೊಲಕ್ಕೆ ಆಗದಿದ್ದರೆ ಮನೆಯ ವರ್ಷದ ಜೋಳಕ್ಕೆಂದು ಬಿಟ್ಟ ಅರ್ಧ ಎಕರೆಗಾದರೂ ಮಾಡಬಹುದು.

ಇನ್ನು ಅಡುಗೆಮನೆಯ ಲೆಕ್ಕ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದ ಪ್ರಕಾರ ದಿನಕ್ಕೆ ಗಂಡಸಿಗೆ 17 ಮಿ.ಗ್ರಾಂ, ಹೆಂಗಸಿಗೆ 13.2 ಮಿ.ಗ್ರಾಂ ಸತು ಬೇಕು. ಜೋಳದಲ್ಲಿ 100 ಗ್ರಾಂಗೆ ಸುಮಾರು 2 ಮಿ.ಗ್ರಾಂ ಇದೆ. ತಲಾ 60 ಗ್ರಾಂ ಹಿಟ್ಟಿನ ನಾಲ್ಕು ರೊಟ್ಟಿ ತಿಂದರೆ 4.8 ಮಿ.ಗ್ರಾಂ ಆಯಿತು. 2018ರಲ್ಲಿ ಮಹಾರಾಷ್ಟ್ರದಲ್ಲಿ ಬಿಡುಗಡೆಯಾದ ಪರಭಣಿ ಶಕ್ತಿ ಎಂಬ ಜೋಳದ ತಳಿಯಲ್ಲಿ ಕಿಲೋಗೆ 32 ಮಿ.ಗ್ರಾಂ ಸತು ಇದೆ. ಅದರ ನಾಲ್ಕು ರೊಟ್ಟಿಗೆ 7.7 ಮಿ.ಗ್ರಾಂ. ರೊಟ್ಟಿಯ ರುಚಿ, ಕಣಿಕೆಯ ಮೇವು ಎರಡನ್ನೂ ನೋಡುವ ನಮ್ಮ ರೈತರು ಮಾಲದಂಡಿಯನ್ನು ಸುಲಭಕ್ಕೆ ಬಿಡಲಾರರು, ಬಿಡಬೇಕೆಂದೂ ಇಲ್ಲ.

ತಿಂದದ್ದೆಲ್ಲ ಮೈಗೆ ಹತ್ತುವುದೂ ಇಲ್ಲ. ಕಾಳು ತನ್ನ ರಂಜಕವನ್ನು ಫೈಟೇಟ್ ರೂಪದಲ್ಲಿ ಕೂಡಿಟ್ಟಿರುತ್ತದೆ. ಅದು ಕರುಳಿನಲ್ಲಿ ಸತುವನ್ನೂ ಕಬ್ಬಿಣವನ್ನೂ ಕಟ್ಟಿಹಾಕುತ್ತದೆ, ಲೋಟದಲ್ಲಿ ಡಿಎಪಿ ಮಾಡಿದ ಕೆಲಸವನ್ನೇ. ಫೈಟೇಟನ್ನು ಒಡೆಯುವ ಕಿಣ್ವ ಕಾಳಿನಲ್ಲೇ ಇದೆ, ಅದಕ್ಕೆ ನೀರು ಮತ್ತು ಸಮಯ ಬೇಕು. ಎಸರು ಹಾಕಿ ನಾದಿ ತಕ್ಷಣ ಬಡಿಯುವ ರೊಟ್ಟಿಯಲ್ಲಿ ಅದಕ್ಕೆ ವೇಳೆಯೇ ಸಿಗುವುದಿಲ್ಲ. ರಾತ್ರಿ ಹಿಟ್ಟನ್ನು ಮಜ್ಜಿಗೆಯಲ್ಲಿ ಕಲಸಿ ಹುಳಿಬರಿಸಿ ಬೆಳಿಗ್ಗೆ ಕಾಯಿಸುವ ಅಂಬಲಿಯಲ್ಲಿ ಸಿಗುತ್ತದೆ. ಮಡಿಕೆ ಕಾಳನ್ನು ಎಂಟು ತಾಸು ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಒಂದು ದಿನ ಮೊಳಕೆ ಬರಿಸಿದಾಗಲೂ ಸಿಗುತ್ತದೆ. ರೊಟ್ಟಿ ಬಿಡುವ ಮಾತಲ್ಲ ಇದು. ರೊಟ್ಟಿಯ ಪಕ್ಕಕ್ಕೆ ಮೊಳಕೆ ಕಾಳಿನ ಪಲ್ಯ, ಮೊಸರು, ತಿನ್ನುವವರಿಗೆ ತತ್ತಿ ಅಥವಾ ಮಾಂಸ ಇರಲಿ. ಊಟವಾದ ಕೂಡಲೇ ಚಹಾ ಕುಡಿದರೆ ಕಬ್ಬಿಣ ಹೀರುವುದು ಕಡಿಮೆಯಾಗುತ್ತದೆ, ಒಂದು ತಾಸು ಬಿಟ್ಟು ಕುಡಿಯಿರಿ.

ಬಸುರಿಯರೂ ಮಕ್ಕಳೂ ಮಣ್ಣು ತಿನ್ನುವುದನ್ನು ಬಯಕೆ ಎಂದೋ ಹಟವೆಂದೋ ತಳ್ಳಿಹಾಕಬಾರದು. ಎಷ್ಟೋ ಸಲ ಅದರ ಹಿಂದೆ ರಕ್ತಹೀನತೆ ಇರುತ್ತದೆ. ತಿಂದ ಜೇಡಿ ಹೊಟ್ಟೆಯಲ್ಲಿ ಕಬ್ಬಿಣ, ಸತುಗಳನ್ನು ಹಿಡಿದುಕೊಂಡು ಕೊರತೆಯನ್ನು ಇನ್ನೂ ಹೆಚ್ಚಿಸುತ್ತದೆ, ಜಂತುಹುಳದ ತತ್ತಿಯನ್ನೂ ಒಳಗೆ ಒಯ್ಯುತ್ತದೆ. ಬೈದು ಬಿಡಿಸುವ ಮೊದಲು ಹಿಮೋಗ್ಲೋಬಿನ್ ನೋಡಿಸಿ.

ಮಗುವಿಗೆ ಭೇದಿಯಾದಾಗ ಅಂಗನವಾಡಿಯಲ್ಲೋ ಆಶಾ ಕಾರ್ಯಕರ್ತೆಯ ಬಳಿಯೋ ಓಆರ್‌ಎಸ್ ಜೊತೆ ಸತುವಿನ ಗುಳಿಗೆ ಕೊಡುತ್ತಾರೆ. ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿ.ಗ್ರಾಂ, ಎರಡರಿಂದ ಆರು ತಿಂಗಳಿನ ಕೂಸಿಗೆ 10 ಮಿ.ಗ್ರಾಂ. ಚಮಚ ನೀರಿನಲ್ಲೋ, ಸಣ್ಣ ಕೂಸಾದರೆ ಎದೆಹಾಲಿನಲ್ಲೋ ಕರಗಿಸಿ ಕುಡಿಸಬೇಕು. ಮೂರನೆಯ ದಿನ ಭೇದಿ ನಿಂತಿತೆಂದು ಬಹಳ ಮನೆಗಳಲ್ಲಿ ಗುಳಿಗೆಯನ್ನೂ ನಿಲ್ಲಿಸಿಬಿಡುತ್ತಾರೆ. 14 ದಿನ ಪೂರ್ತಿ ಕೊಡಬೇಕು. ಉಳಿದ 11 ದಿನದ ಗುಳಿಗೆ ಭೇದಿಯಲ್ಲಿ ಹರಿದುಹೋದ ಸತುವನ್ನು ಮೈಗೆ ತುಂಬಿಕೊಡಲು, ಮುಂದಿನ ಎರಡು ಮೂರು ತಿಂಗಳು ಭೇದಿ ಮರುಕಳಿಸದಂತೆ ಕಾಯಲು.