ಹಳೇ ಉಪಕಾರ ನೆನೆದರೆ ಅಳುವೇ ಬರುತ್ತದೆ, ಆದರೂ ನೆನೆಯಬೇಕಾ?

ಪ್ರಶ್ನೆ: ದೇವರು ಇಲ್ಲಿಯವರೆಗೆ ನಡೆಸಿದ್ದನ್ನು ನೆನೆಸಿಕೊಂಡರೆ ಸಮಾಧಾನ ಸಿಗುತ್ತದೆ ಅಂತಾರೆ. ನನಗೆ ಉಲ್ಟಾ. ಆಗ ಪ್ರಾರ್ಥನೆ ಕೇಳಿದವರು ಈಗ ಯಾಕೆ ಸುಮ್ಮನಿದ್ದಾರೆ ಅನಿಸಿ ನೋವು ಜಾಸ್ತಿಯಾಗುತ್ತದೆ. ನನ್ನ ನಂಬಿಕೆ ಕಡಿಮೆಯಾಗಿದೆಯಾ?

ಉತ್ತರ: ಇಲ್ಲ. ನಿಮಗೆ ಆಗುತ್ತಿರುವುದೇ ಬೈಬಲಿನ ಕೀರ್ತನೆಗಾರ ಆಸಾಫನಿಗೂ ಆಗಿತ್ತು. 77ನೇ ಕೀರ್ತನೆ ತೆಗೆದು ನೋಡಿ. ನಿದ್ದೆಯಿಲ್ಲ, ಮಾತು ಹೊರಡುತ್ತಿಲ್ಲ, ದೇವರನ್ನು ನೆನೆದರೆ ನರಳಾಟ. ಕೃಪೆ ತೋರಿಸುವುದನ್ನೇ ದೇವರು ಮರೆತುಬಿಟ್ಟರಾ ಅಂತ ನೇರವಾಗಿ ಕೇಳುತ್ತಾನೆ. ಆ ಪ್ರಶ್ನೆಯನ್ನು ಯಾರೂ ಅಳಿಸಿ ಹಾಕಲಿಲ್ಲ, ದೇವಜನರು ಆರಾಧನೆಯ ಹಾಡಿನಲ್ಲೇ ಅದನ್ನು ಉಳಿಸಿಕೊಂಡರು, ನನಗಂತೂ ಇದರಿಂದ ತುಂಬಾ ಧೈರ್ಯ ಬರುತ್ತದೆ.

11ನೇ ವಚನದಿಂದ ಅವನು ಬೇರೆ ಕಡೆ ತಿರುಗುತ್ತಾನೆ. ತನ್ನ ಹಳೇ ಒಳ್ಳೆಯ ದಿನಗಳನ್ನು ಎಣಿಸಿ ಸಾಕಾಗಿತ್ತು. ಈಗ ಇಡೀ ಇಸ್ರಾಯೇಲ್ ಜನಾಂಗದ ನೆನಪಿಗೆ ಕೈ ಹಾಕುತ್ತಾನೆ, ಅಂದರೆ ದೇವರು ಸಮುದ್ರದ ನಡುವೆ ದಾರಿ ಮಾಡಿ ಹಿರಿಯರನ್ನು ದಾಟಿಸಿದ ಕಥೆಗೆ. ಅದನ್ನು ಅವನು ಕಣ್ಣಾರೆ ಕಂಡಿರಲಿಲ್ಲ, ಅಲ್ವಾ? ಆದರೂ ತನ್ನದೇ ಅನ್ನುವ ಹಾಗೆ ಹಿಡಿದುಕೊಳ್ಳುತ್ತಾನೆ. ದೇವರು ಆ ನೀರಿನಲ್ಲಿ ನಡೆದರು, ಹೆಜ್ಜೆಗುರುತು ಮಾತ್ರ ಕಾಣಲಿಲ್ಲ ಅನ್ನುತ್ತದೆ 19ನೇ ವಚನ. ಮುಂದಿನ ವಚನಕ್ಕೆ ಕೀರ್ತನೆಯೇ ಮುಗಿಯುತ್ತದೆ. ಆಸಾಫನ ಕಷ್ಟ ತೀರಿತಾ ಅಂತ ಅಲ್ಲಿ ಬರೆದಿಲ್ಲ.

ಹಾಗಾಗಿ ಸ್ವಂತ ನೆನಪು ಚುಚ್ಚುವ ದಿನ ಅದನ್ನೇ ಕೆದಕುತ್ತಾ ಕೂರಬೇಡಿ. 136ನೇ ಕೀರ್ತನೆಯನ್ನು ಬಾಯಿಬಿಟ್ಟು ಓದಿ. 26 ವಚನಗಳಿವೆ, ಒಂದೊಂದರ ಕೊನೆಗೂ ಆತನ ಕೃಪೆ ಶಾಶ್ವತ ಅನ್ನುವ ಮಾತಿದೆ. ನಿಮ್ಮಿಂದ ಆಗದಿದ್ದರೆ ಬೇರೆಯವರು ಓದಲಿ, ನೀವು ಆ ಮಾತನ್ನಷ್ಟೇ ಹೇಳಿ. ಸಭೆಯಲ್ಲಿ ಯಾರಾದರೂ ಸಾಕ್ಷಿ, ಅಂದರೆ ದೇವರು ತಮಗೆ ಮಾಡಿದ ಉಪಕಾರವನ್ನು, ಹೇಳುವಾಗ ಸುಮ್ನೆ ಕೂತು ಕೇಳಿ. ಸಭೆಯವರು ಯೇಸುವನ್ನು ನೆನೆದು ರೊಟ್ಟಿ ಹಂಚಿಕೊಳ್ಳುವ ಕರ್ತನ ಭೋಜನಕ್ಕೂ ತಪ್ಪದೆ ಹೋಗಿ. ನನ್ನ ನೆನಪಿಗಾಗಿ ಇದನ್ನು ಮಾಡಿರಿ ಅಂತ ಯೇಸು ಹೇಳಿದ್ದು ಶಿಲುಬೆಯ ಹಿಂದಿನ ರಾತ್ರಿ, ಮುರಿದ ರೊಟ್ಟಿಯನ್ನು ಕೊಟ್ಟು. ಅಲ್ಲಿ ನಾವು ನೆನೆಯುವುದೇ ಆತನ ನೋವನ್ನು, ನಿಮ್ಮ ನೋವನ್ನು ಬಾಗಿಲಾಚೆ ಬಿಟ್ಟು ಹೋಗಬೇಕಾಗಿಲ್ಲ.

ಬರೆದಿಡುವ ಅಭ್ಯಾಸವೂ ಒಳ್ಳೆಯದು. ಇಸ್ರಾಯೇಲ್ಯರು ಯೊರ್ದನ್ ಹೊಳೆ ದಾಟಿದಾಗ ಅವರ ನಾಯಕ ಯೆಹೋಶುವ ಗಿಲ್ಗಾಲ್ ಅನ್ನುವ ಜಾಗದಲ್ಲಿ 12 ಕಲ್ಲು ನಿಲ್ಲಿಸಿದ, ಮುಂದೆ ಮಕ್ಕಳು ಇದೇನು ಅಂತ ಕೇಳಲಿ ಅಂತ. ಆ ಕಲ್ಲುಗಳನ್ನು ದಡದಿಂದ ಆರಿಸಿದ್ದಲ್ಲ, ಹೊಳೆಯ ಮಧ್ಯದಿಂದಲೇ ಹೊತ್ತು ತಂದದ್ದು. ನಿಮ್ಮ ಪುಸ್ತಕದಲ್ಲೂ ದಾಟಿದ ಮೇಲಿನ ಸ್ತೋತ್ರ ಮಾತ್ರ ಇರಬೇಕಾಗಿಲ್ಲ. ಈ ವಾರ ಮನಸ್ಸಿನಲ್ಲಿ ಬರೀ ಪ್ರಶ್ನೆಯೇ ಇದ್ದರೆ, ಅದನ್ನೇ ತಾರೀಖು ಹಾಕಿ ಬರೆಯಿರಿ, ಕೆಳಗೆ ಸ್ವಲ್ಪ ಜಾಗ ಬಿಡಿ.